ಕಾರಿನ ನೆತ್ತಿಗೆ ‘ಮಾಡು’ ಎನ್ನಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ವಾಹನ ವಿನ್ಯಾಸದ ಕುರಿತು ಒಂದು ಲೇಖನವನ್ನು ಉಡುಪಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಉದಾಹರಣೆಗೆಂದು ಎತ್ತಿಕೊಂಡದ್ದು 2016ರ ಜಿನೀವಾ ಮೋಟಾರು ಪ್ರದರ್ಶನದಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯು ಇಟ್ಟಿದ್ದ ‘ಟಿ-ಕ್ರಾಸ್ ಬ್ರೀಜ್’ ಎಂಬ ಪುಟ್ಟ ಕಾರನ್ನು. ಉದ್ದ ಸುಮಾರು 4.13 ಮೀಟರ್, ನಿಲುವು ಎಸ್‌ಯುವಿಯದು, ನೆತ್ತಿಯ ಮೇಲೆ ಮಡಚಿಡಬಹುದಾದ ಬಟ್ಟೆಯ ಹೊದಿಕೆ. ಆ ರೂಪದಲ್ಲಿ ಅದು ಮಾರುಕಟ್ಟೆಗೆ ಬರಲೇ ಇಲ್ಲ; 2018ರಲ್ಲಿ ಅನಾವರಣಗೊಂಡ ಟಿ-ಕ್ರಾಸ್ ಆಗಲಿ, 2021ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದ ಅದರ ದಾಯಾದಿ ಟೈಗನ್ ಆಗಲಿ ಗಟ್ಟಿಯಾದ ಲೋಹದ ಹೊದಿಕೆಯನ್ನೇ ಹೊತ್ತು ಬಂದವು. ಈ ಕಾರನ್ನು ಒಂದೇ ಒಂದು ವಾಕ್ಯದಲ್ಲಿ ಮಕ್ಕಳಿಗೆ ಪರಿಚಯಿಸಲು ಹೊರಟವನು ಮೊದಲ ಪದದಲ್ಲಿಯೇ ಎಡವಿದ್ದೇನೆ: ಕಾರಿನ ನೆತ್ತಿಯ ಹೊದಿಕೆಗೆ ಕನ್ನಡದಲ್ಲಿ ಏನೆನ್ನಬೇಕು?

ಪತ್ರಿಕೆಗಳಲ್ಲಿ ಇಂಥದನ್ನು ‘ತೆರೆದ ಛಾವಣಿಯ ಕಾರು’ ಎಂದು ಬರೆಯುವುದುಂಟು. ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ನೆತ್ತಿಯಲ್ಲಿ ಗಾಜಿನ ಕಿಂಡಿಯಿರುವ ಸನ್‌ರೂಫ್ ಕಾರಿಗೂ ಈ ವರ್ಣನೆ ಸಲ್ಲುತ್ತದೆ, ಬಟ್ಟೆಯನ್ನು ಮಡಚಿ ಹಿಂದಕ್ಕೆ ಸರಿಸುವ ಕಾರಿಗೂ ಸಲ್ಲುತ್ತದೆ. ಬ್ರೂಸ್ ಮೇಯರ್ಸ್ 1964ರಲ್ಲಿ ಫೈಬರ್‌ಗ್ಲಾಸಿನಿಂದ ರೂಪಿಸಿದ ಮರಳುದಿಬ್ಬದ ಬಗ್ಗಿಯಂಥ ವಾಹನದ ಮೇಲಂತೂ ತೆರೆಯುವುದಕ್ಕೆ ಏನೂ ಇಲ್ಲದಿರುವಾಗ ‘ತೆರೆದ’ ಎಂಬ ವಿಶೇಷಣಕ್ಕೆ ಅರ್ಥವೇ ಉಳಿಯುವುದಿಲ್ಲ. ವಿನ್ಯಾಸಕಾರನ ದೃಷ್ಟಿಯಲ್ಲಿ ಈ ಮೂರೂ ಬೇರೆ ಬೇರೆ ಸಮಸ್ಯೆಗಳಾಗಿರುವುದರಿಂದ ಮೂರಕ್ಕೂ ಒಂದೇ ಹೆಸರು ಕೊಟ್ಟರೆ ಲೇಖನದ ಮುಂದಿನ ಭಾಗವನ್ನು ಬರೆಯಲಾಗದು.

ಆ ಮುಂದಿನ ಭಾಗದಲ್ಲಿ ಹೇಳಬೇಕಾದ ಸಂಗತಿ ಇದು. ಇಂದಿನ ಬಹುಪಾಲು ಸಣ್ಣ ಕಾರುಗಳಲ್ಲಿ ತಳ, ಕಂಬ, ನೆತ್ತಿ ಎಲ್ಲವೂ ಒಂದಕ್ಕೊಂದು ಬೆಸೆದು ಒಂದೇ ಪೆಟ್ಟಿಗೆಯಾಗಿರುತ್ತವೆ. ರಟ್ಟಿನ ಪೆಟ್ಟಿಗೆಯ ಮುಚ್ಚಳವನ್ನು ಕತ್ತರಿಸಿ ತೆಗೆದು ಎರಡು ತುದಿಗಳನ್ನು ಹಿಡಿದು ತಿರುಚಿದರೆ ಅದು ಹೇಗೆ ಬಳುಕುತ್ತದೆಯೋ, ನೆತ್ತಿಯನ್ನು ಕಳೆದುಕೊಂಡ ಕಾರೂ ಹೊಂಡಗುಂಡಿಗಳ ಮೇಲೆ ಹಾಗೆಯೇ ಬಳುಕತೊಡಗುತ್ತದೆ. ಅದನ್ನು ತಡೆಯಲು ತಳಕ್ಕೂ ಬಾಗಿಲುಗಳ ಕೆಳಗಿನ ತೊಲೆಗಳಿಗೂ ಹೆಚ್ಚಿನ ಉಕ್ಕನ್ನು ಸೇರಿಸಬೇಕಾಗುವುದರಿಂದ, ಮೇಲಿನ ಭಾಗವನ್ನು ತೆಗೆದ ಮೇಲೂ ಕಾರಿನ ತೂಕ ಇಳಿಯುವ ಬದಲು ಏರುವುದೇ ಹೆಚ್ಚು. 1985ರಲ್ಲಿ ಬಂದ ಮಾರುತಿ ಜಿಪ್ಸಿಗಾಗಲಿ 2020ರ ಮಹೀಂದ್ರಾ ಥಾರ್‌ಗಾಗಲಿ ಈ ತೊಂದರೆ ಅಷ್ಟಾಗಿ ಇಲ್ಲ. ಅವುಗಳ ಅಡಿಯಲ್ಲಿ ಏಣಿಯಾಕಾರದ ಪ್ರತ್ಯೇಕ ಚೌಕಟ್ಟು ಇದ್ದು ಭಾರವನ್ನು ಅದೇ ಹೊರುತ್ತದೆ.

ಇದನ್ನು ಬರೆಯುತ್ತಿರುವಾಗಲೇ ನನಗೆ ಪದವೊಂದು ಹೊಳೆಯಿತು. ಗಾಜುಗಳ ನಡುವೆ ನಿಂತು ನೆತ್ತಿಯನ್ನು ಹೊರುವ ಭಾಗವನ್ನು ಕನ್ನಡದಲ್ಲಿ ಯಾವ ಅಳುಕೂ ಇಲ್ಲದೆ ಕಂಬ ಎನ್ನುತ್ತೇವೆ. ಬಾಗಿಲ ಕೆಳಗೆ ಕಾಲು ದಾಟಿಸುವ ತೊಲೆಯನ್ನು ಹೊಸ್ತಿಲು ಎಂದರೆ ಮಕ್ಕಳಿಗೆ ವಿವರಣೆಯೇ ಬೇಕಾಗುವುದಿಲ್ಲ. ಕಂಬವೂ ಹೊಸ್ತಿಲೂ ಮನೆಯಿಂದ ಬಂದಿರುವಾಗ ಮೇಲಿನದಕ್ಕೆ ಮಾತ್ರ ಎರವಲಿನ ಛಾವಣಿಯೋ ಮೇಲ್ಛಾವಣಿಯೋ ಏಕೆ? ನಮ್ಮ ಕರಾವಳಿಯಲ್ಲಿ ಹಂಚಿನದಿರಲಿ, ಮುಳಿಹುಲ್ಲಿನದಿರಲಿ, ಮನೆಯ ಮೇಲಿರುವುದು ‘ಮಾಡು’. ಮಡಚು ಕುರ್ಚಿ, ಮಡಚು ಕತ್ತಿಗಳ ಹಾದಿಯಲ್ಲಿಯೇ ‘ಮಡಚುಮಾಡು’ ಎಂದೂ, ಬಿಚ್ಚುಗತ್ತಿಯ ಹಾದಿಯಲ್ಲಿ ‘ಬಿಚ್ಚುಮಾಡು’ ಎಂದೂ ಕಟ್ಟಿಕೊಂಡರೆ, ಬಟ್ಟೆಯನ್ನು ಮಡಚುವ ಕಾರು ಯಾವುದು, ಗಟ್ಟಿ ಹೊದಿಕೆಯನ್ನು ಕಳಚಿ ಮನೆಯಲ್ಲಿಟ್ಟು ಹೊರಡುವ ಕಾರು ಯಾವುದು ಎಂಬುದು ಪದದಲ್ಲಿಯೇ ತಿಳಿದುಹೋಗುತ್ತದೆ.

ಅನುಮಾನಗಳು ಇಲ್ಲದಿಲ್ಲ. ಮಾಡು ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಮಳೆನೀರನ್ನು ಇಳಿಯಬಿಡುವ ಓರೆ. ಬ್ರೀಜ್ ಕಾರಿನದು ಹೆಚ್ಚುಕಡಿಮೆ ಚಪ್ಪಟೆ. ಇನ್ನೊಂದು, ಘಟ್ಟದ ಮೇಲಿನ ಓದುಗರಿಗೆ ‘ಮಾಡು’ ಕ್ರಿಯಾಪದವಾಗಿಯೇ ಕೇಳಿಸೀತು. ‘ಮಡಚುಮಾಡಿನ ಕಾರು’ ಎಂಬುದನ್ನು ಓದಿದ ಮೈಸೂರಿನ ಮಿತ್ರರೊಬ್ಬರು ಇದು ಅಚ್ಚಿನ ದೋಷವೇ ಎಂದು ಕೇಳಿದ್ದಾರೆ.

ವೃತ್ತಿಯವರ ಮಾತು ಬೇರೆಯೇ ಇದೆ. ಜೀಪು, ರಿಕ್ಷಾಗಳಿಗೆ ರೆಕ್ಸಿನ್ ಹೊಲಿದು ಕೊಡುವ ಕುಶನ್ ಅಂಗಡಿಯವರನ್ನು ಕೇಳಿದರೆ ಅದು ‘ಟಾಪು’: ಟಾಪು ಹಾಕುವುದು, ಟಾಪು ಬಿಚ್ಚುವುದು, ಟಾಪು ಸೋರುವುದು. ಬಟ್ಟೆಯದಾದರೆ ಟಾಪು, ಗಟ್ಟಿಯದಾದರೆ ಮಾಡು ಎಂದು ಇಟ್ಟುಕೊಳ್ಳುವ ಕಡೆಗೇ ಸದ್ಯಕ್ಕೆ ನನ್ನ ಒಲವಿದೆ. ಬಟ್ಟೆಯ ಹೊದಿಕೆಗೆ ಇಂಗ್ಲಿಷಿನಲ್ಲಿರುವ ‘ಹುಡ್’ ಎಂಬುದನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೇನೆ. ಅಮೆರಿಕದವರು ಆ ಪದದಿಂದ ಎಂಜಿನ್ನಿನ ಮುಚ್ಚಳವನ್ನು, ಅಂದರೆ ನಮ್ಮ ಬಾನೆಟ್ಟನ್ನು ಸೂಚಿಸುವುದರಿಂದ, ಹುಡ್ ತೆಗೆದು ಗಾಳಿ ಸೇವಿಸುತ್ತಾ ಹೋಗಬಹುದು ಎಂಬ ವಾಕ್ಯವನ್ನು ಓದಿದವರು ಏನೇನನ್ನು ಕಲ್ಪಿಸಿಕೊಳ್ಳುವರೋ!

ರಸ್ತೆಯಿಲ್ಲದ ಕಡೆಯೂ ಓಡಬಲ್ಲ ವಾಹನಗಳಿಗೆ ಹೇಳುವ ‘ಆಫ್‌ರೋಡ್’ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳುವುದು ಮೇಲೆಂದು ತೋರುತ್ತದೆ. ‘ಹೊರರಸ್ತೆ’ ಎಂದರೆ ವರ್ತುಲ ರಸ್ತೆ ನೆನಪಾಗುತ್ತದೆ. ‘ದುರ್ಗಮ ಪ್ರದೇಶದ ವಾಹನ’ ಎಂದರೆ ಸರಕಾರಿ ಟೆಂಡರಿನ ವಾಸನೆ. ಆದರೆ ಅದರ ಅಳತೆಗಳಿಗೆ ಕನ್ನಡ ಬೇಕು. ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರವನ್ನು ‘ನೆಲತೆರಪು’ ಎಂದು ಬರೆದಿದ್ದೇನೆ. ಥಾರ್‌ನಲ್ಲಿ ಇದು 226 ಮಿಲಿಮೀಟರ್, ಮಾರುತಿಯ ಜಿಮ್ನಿಯಲ್ಲಿ 210. ಸೈನಿಕರಿಗಾಗಿ ಯೋಚಿಸಿದ್ದ ಬ್ರಿಟನ್ನಿನ ಮಿನಿ ಮೋಕ್ ಎಂಬ ತೆರೆದ ಗಾಡಿಯು ಪುಟ್ಟ ಚಕ್ರಗಳಿಂದಾಗಿ ನೆಲತೆರಪು ಸಾಲದೆ ಸೇನೆಯಲ್ಲಿ ನಪಾಸಾಗಿ, 1964ರಲ್ಲಿ ಜನಸಾಮಾನ್ಯರ ಮಾರುಕಟ್ಟೆಗೆ ಬಂದು, ಕೊನೆಗೆ ಕಡಲತೀರದ ವಿಹಾರಕ್ಕೆ ಹೆಸರಾಯಿತು. ದರೆ ಹತ್ತುವಾಗ ಮುಂಭಾಗದ ಮೂತಿ ತಾಗದಂತೆ ಕಾಪಾಡುವ ಕೋನಕ್ಕೆ ‘ಮುಂಗೋನ’, ಇಳಿಯುವಾಗ ಹಿಂಭಾಗ ತಾಗದಂತಿರುವುದಕ್ಕೆ ‘ಹಿಂಗೋನ’ ಎಂಬವು ನನಗೆ ಸರಳವಾಗಿ ಕಂಡಿವೆ. ಕೊಲ್ಲೂರಿನಿಂದ ಕೊಡಚಾದ್ರಿಗೆ ಜೀಪು ಹತ್ತಿಸುವ ಚಾಲಕರು ಇವಕ್ಕೆ ಪ್ರತ್ಯೇಕ ಪದಗಳನ್ನು ಬಳಸುವರೆಂದರೆ ಅವು ಯಾವುವೆಂದು ತಿಳಿಯುವ ಆಸೆಯಿದೆ. ಅಂದಹಾಗೆ ಬ್ರೀಜ್ ಕಾರಿನಲ್ಲಿ ಎಂಜಿನ್ನಿನ ಬಲ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಮಲ್ಪೆ ಕಡಲತೀರದ ಹೊಯಿಗೆಯಲ್ಲಿ (ಮರಳಿನಲ್ಲಿ) ಅದನ್ನು ಇಳಿಸಿದರೆ ಎಳೆದು ತೆಗೆಯಲು ಬೇರೊಂದು ಗಾಡಿ ಬೇಕಾದೀತು. ಆದ್ದರಿಂದ ‘ಆಫ್‌ರೋಡ್ ಕಾರು’ ಎನ್ನದೆ ‘ಆಫ್‌ರೋಡ್ ನಿಲುವಿನ ಕಾರು’ ಎಂದು ಬರೆದಿದ್ದೇನೆ.

ಉಳಿದದ್ದು ‘ಕಾನ್ಸೆಪ್ಟ್ ಕಾರು’, ಅಂದರೆ ಬ್ರೀಜ್‌ನಂತೆ ಮಾರಾಟಕ್ಕಲ್ಲದೆ ಹೊಸ ವಿನ್ಯಾಸವನ್ನು ತೋರಿಸಲೆಂದು ಪ್ರದರ್ಶನದಲ್ಲಿ ಇಡುವ ಕಾರು. ‘ಪರಿಕಲ್ಪನಾ ಕಾರು’ ಎಂಬುದು ಚಾಲ್ತಿಯಲ್ಲಿದ್ದರೂ ಪರಿಕಲ್ಪನೆ ಮನಸ್ಸಿನಲ್ಲಿರುವಂಥದು, ಈ ಕಾರಾದರೋ ನಾಲ್ಕು ಚಕ್ರಗಳ ಮೇಲೆ ವೇದಿಕೆಯಲ್ಲಿ ನಿಂತಿರುತ್ತದೆ. ‘ಮಾದರಿ’ ಎಂದರೆ ಆಟಿಕೆಯೂ ಆಗಬಹುದು, ಮಾದರಿ ಶಾಲೆಯಂತೆ ಆದರ್ಶವೂ ಆಗಬಹುದು. ಈ ಬಗೆಯ ಮೊದಲನೆಯದೆಂದು ಸಾಮಾನ್ಯವಾಗಿ ಹೇಳುವ, 1938ರಲ್ಲಿ ಜನರಲ್ ಮೋಟರ್ಸ್ ಕಂಪನಿಯ ವಿನ್ಯಾಸ ಮುಖ್ಯಸ್ಥ ಹಾರ್ಲಿ ಅರ್ಲ್ ಮುಂದಾಳ್ತನದಲ್ಲಿ ಸಿದ್ಧವಾದ ಬ್ಯೂಕ್ ವೈ-ಜಾಬ್ (ಅದೂ ಮಡಚುಮಾಡಿನದೇ) ಮೊದಲಾದವುಗಳನ್ನು ಅಮೆರಿಕದಲ್ಲಿ ಕನಸಿನ ಕಾರುಗಳೆಂದು ಕರೆಯುತ್ತಿದ್ದರು. ಕನ್ನಡದಲ್ಲಿ ಕನಸಿನ ಕಾರು ಎಂದರೆ ಸಾಲ ಮಾಡಿಯಾದರೂ ಕೊಳ್ಳಬೇಕೆಂದು ಆಸೆಪಟ್ಟ ಕಾರು. ಯಕ್ಷಗಾನದ ಒಡ್ಡೋಲಗದಂತೆ ಕಥೆ ಮುಂದುವರಿಯುವ ಮೊದಲು ಸರ್ವಾಲಂಕಾರದಲ್ಲಿ ಬಂದು ಮೈದೋರುವುದೇ ಇದರ ಕೆಲಸವಾದರೂ ‘ಒಡ್ಡೋಲಗದ ಕಾರು’ ಎಂದು ಬರೆಯುವ ಧೈರ್ಯ ನನಗಿಲ್ಲ. ತಿದ್ದುವುದಕ್ಕೂ ಕೈಬಿಡುವುದಕ್ಕೂ ಅವಕಾಶವಿರುವ ಕರಡು ಪ್ರತಿಯ ನೆನಪಿನಲ್ಲಿ ‘ಕರಡು ಕಾರು’ ಎನ್ನಬಹುದೇ ಎಂದು ಯೋಚಿಸಿದೆ. ಅಷ್ಟು ನುಣುಪಾದ ವಸ್ತುವಿಗೆ ಕರಡು ಎನ್ನಲು ಮನಸ್ಸು ಒಪ್ಪದೆ ‘ಕಾನ್ಸೆಪ್ಟ್ ಕಾರು’ ಎಂದೇ ಉಳಿಸಿದ್ದೇನೆ.

ಬಳಗದಲ್ಲಿರುವ ಹಾಸನ, ಧಾರವಾಡ, ಕಲಬುರಗಿ ಕಡೆಯವರಲ್ಲಿ ಒಂದು ಕೋರಿಕೆ. ‘ಬಿಚ್ಚುಮಾಡಿನ ಕಾರು’ ಎಂಬುದನ್ನು ನಿಮ್ಮ ಮನೆಯ ಮಕ್ಕಳ ಮುಂದೆ, ಯಾವ ವಿವರಣೆಯನ್ನೂ ಕೊಡದೆ, ಒಮ್ಮೆ ಓದಿ ಹೇಳಿ. ಅವರಿಗೆ ಏನು ಅರ್ಥವಾಯಿತೆಂಬುದನ್ನು ದಯವಿಟ್ಟು ಇಲ್ಲಿ ಬರೆಯಿರಿ.