ನಾಯಿ ಕಾಲಿಗೆ ಆಪರೇಷನ್ ಅಂದಿದ್ದಾರೆ, 80 ಸಾವಿರ ಅಂತೆ. ಅನುಭವ ಇದ್ದವರು ಹೇಳಿ

ಕಲಬುರಗಿ, ಜೇವರ್ಗಿ ರಸ್ತೆ: ನಮ್ಮ ಲ್ಯಾಬ್ರಡಾರ್ (ಲ್ಯಾಬ್) ನಾಯಿಗೆ ಆರು ವರ್ಷ, 38 ಕೆಜಿ. ಹಿಂಗಾಲು ಊರುತ್ತಿಲ್ಲ. ಮೊಣಕಾಲಿನ ಲಿಗಮೆಂಟ್, ಅಂದರೆ ಎಲುಬುಗಳನ್ನು ಹಿಡಿದಿಡುವ ಕಟ್ಟು, ಹರಿದಿದೆ, ಹೈದರಾಬಾದ್‌ನಲ್ಲಿ ಆಪರೇಷನ್ ಮಾಡಿಸಿ ಅಂದರು. 80 ಸಾವಿರ ಆಗುತ್ತದಂತೆ. ಎಕ್ಸ್‌ರೇ, ರಕ್ತ ಅಂತ ಈಗಾಗಲೇ 9,400 ಹೋಗಿದೆ. ಮಾಡಿಸಲೇಬೇಕಾ?

ಬೀದರ್, ಗುಂಪಾ: ನಮ್ಮ ನಾಯಿಗೂ ಇದೇ ಮಾತು ಹೇಳಿದ್ದರು. ಹೈದರಾಬಾದ್‌ನ ದೊಡ್ಡ ಆಸ್ಪತ್ರೆ. ಕಾರು ಬಾಡಿಗೆ 5,500, ಫೀಸು 800, ಎಕ್ಸ್‌ರೇ 2,400. ಒಮ್ಮೆ ತೆಗೆದದ್ದು ಸರಿ ಬಂದಿಲ್ಲ ಅಂತ ಮತ್ತೆ 2,400! ನಾಳೆಯೇ 20,000 ಅಡ್ವಾನ್ಸ್ ಕಟ್ಟಿ ಅಂದರು. ನಾನು ವಾಪಸ್ ಬಂದು ನಂದಿನಗರದ ವೆಟರ್ನರಿ ಕಾಲೇಜಿಗೆ ಒಯ್ದೆ. ಅಲ್ಲಿ ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಒಂದು ಕೈಯಲ್ಲಿ ತೊಡೆ ಎಲುಬು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಅದರ ಕೆಳಗಿನ ಎಲುಬನ್ನು ಮುಂದಕ್ಕೆ ತಳ್ಳಿ ನೋಡಿದರು. ಲಿಗಮೆಂಟ್ ಪೂರ್ತಿ ಹರಿದಿದ್ದರೆ ಎಲುಬು ಜಾರುತ್ತದೆ. ಇದು ಜಾರಲಿಲ್ಲ. ಆಮೇಲೆ ಕಿವಿ ಮಡಚಿ ನೋಡಿದರೆ ಉಣ್ಣಿ. ರಕ್ತದಲ್ಲಿ ಎರ್ಲಿಕಿಯಾ ಬಂತು, ಉಣ್ಣಿ ಕಚ್ಚಿ ಬರುವ ಟಿಕ್ ಫೀವರ್‌ನ ರೋಗಾಣು. ಟಿಕ್ ಫೀವರ್‌ನಲ್ಲೂ ಕೀಲು ಬಾತು ನಾಯಿ ಕುಂಟುತ್ತದೆ. ಡಾಕ್ಸಿಸೈಕ್ಲಿನ್ 28 ದಿನದ ಕೋರ್ಸು, ಅಷ್ಟೇ. ಈಗ ಬೀದಿ ತುಂಬ ಓಡಾಡುತ್ತದೆ. ಚೆನ್ನಾಗಿದ್ದ ಮೊಣಕಾಲನ್ನು ಕೊಯ್ದುಬಿಡುತ್ತಿದ್ದರು. ನೆನೆಸಿಕೊಂಡರೆ ಮೈ ಉರಿಯುತ್ತದೆ.

ಕಲಬುರಗಿ, ಸೇಡಂ ರಸ್ತೆ: ಅಣ್ಣಾ, ನಿಮಗೆ ಆಗಿದ್ದಕ್ಕೆ ಎಲ್ಲ ಡಾಕ್ಟರನ್ನೂ ಕಳ್ಳರು ಅನ್ನಬೇಡಿ. ನಮ್ಮ ರಾಟ್‌ವೀಲರ್‌ಗೆ ನಿಜವಾಗಿಯೇ ಹರಿದಿತ್ತು. ಎಲುಬು ಕೊಯ್ದು, ತಿರುಗಿಸಿ, ಪ್ಲೇಟು ಸ್ಕ್ರೂ ಹಾಕಿದರು. ಆಪರೇಷನ್ 72,000, ಅನಸ್ತೇಷಿಯಾ ಬೇರೆ 6,000, ಕೊರಳಿಗೆ ಹಾಕುವ ಕೋನ್ 650. ಪ್ಲೇಟಿನ ಹತ್ತಿರ ಕೀವಾಗಿ ಮತ್ತೆ 11,200. ಮನೆಯವಳು ಬಳೆ ಅಡ ಇಟ್ಟಳು. ನನಗೆ ಒಂದು ರೂಪಾಯಿಗೂ ಬೇಜಾರಿಲ್ಲ. ದೊಡ್ಡ ನಾಯಿಯನ್ನು ಸುಮ್ನೆ ಬಿಟ್ಟರೆ ಕೀಲು ಸವೆದು ಹೋಗುತ್ತದೆ.

ಗುಂಪಾ: ಕಳ್ಳರು ಅಂತ ನಾನೆಲ್ಲಿ ಅಂದೆ? ಕೊಯ್ಯುವ ಮೊದಲು ಸರಿಯಾಗಿ ಮುಟ್ಟಿ ನೋಡಲಿ ಅಂದೆ.

ಯಾದಗಿರಿ: ನಮ್ಮದು ಪೊಮೆರೇನಿಯನ್, ಆರು ಕೆಜಿ. ಆಪರೇಷನ್ ಬೇಡವೇ ಬೇಡ ಅಂದೆ. ಮಂಚ ಹತ್ತಲು ಬಿಡಲಿಲ್ಲ, ಮೆಟ್ಟಿಲಿಗೆ ಹಲಗೆ ಅಡ್ಡ ಇಟ್ಟೆ. ಮನೆಯಲ್ಲಿ ಪಾಲಿಶ್ ಹೊಡೆದ ಶಹಾಬಾದ್ ಕಲ್ಲು, ಕಾಲು ಜಾರುತ್ತದೆ ಅಂತ ಜಮಖಾನ ಹಾಸಿದೆ. ತಾನಾಗೇ ಕಾಲೂರಿತು. ಖರ್ಚು ಏನೂ ಇಲ್ಲ. ನೋವಿಗೆ ಮನೆಯಲ್ಲಿದ್ದ ಐಬುಪ್ರೊಫೆನ್ ಅರ್ಧ ಕೊಟ್ಟರೆ ಸಾಕು.

ಬೀದರ್, ನೌಬಾದ್: ದಯವಿಟ್ಟು ಆ ಮಾತ್ರೆ ಹೆಸರು ಹೇಳಬೇಡಿ! ನಾಯಿಗೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಹೋಗುತ್ತದೆ. ಬೆಕ್ಕಿಗಾದರೆ ಒಂದು ಪ್ಯಾರಾಸಿಟಮಾಲ್ ಸಾಕು ಪ್ರಾಣ ತೆಗೆಯಲು. ಖರ್ಚು ಅಂತ ಕೂತರೆ ಆಗಲ್ಲ. ನಮ್ಮ ಗಂಡು ಬೆಕ್ಕಿಗೆ ಮೂತ್ರ ಕಟ್ಟಿತ್ತು. ಕ್ಯಾಥೆಟರ್ 3,500, ಸಲೈನ್ 1,800, ಸ್ಕ್ಯಾನ್ 1,200, ಆಮೇಲೆ ಜೀವನಪೂರ್ತಿ ಬೇರೆ ಊಟ. ಅತ್ತೆ ಇವತ್ತಿಗೂ ಆಡಿಕೊಳ್ಳುತ್ತಾರೆ. ಬೆಕ್ಕು ಮಡಿಲಲ್ಲಿ ಇದೆ, ಅಷ್ಟು ಸಾಕು ನನಗೆ.

ಯಾದಗಿರಿ: ಅಕ್ಕಾ, ನಮ್ಮ ನಾಯಿ ಆ ಮಾತ್ರೆ ತಿಂದೂ ಬದುಕಿದೆ. ಕೂಗಾಡಬೇಡಿ.

ನೌಬಾದ್: ನಿಮ್ಮದು ಬದುಕಿತು ಅಂತ ಅವರ ನಾಯಿ ಸಾಯಬೇಕಾ?

ಸೇಡಂ ರಸ್ತೆ: ಆರು ಕೆಜಿ ನಾಯಿಯ ಲೆಕ್ಕವನ್ನು 38 ಕೆಜಿ ಲ್ಯಾಬ್‌ಗೆ ಹಚ್ಚುವುದೇ ತಪ್ಪು. ಚಿಕ್ಕ ನಾಯಿ ಎಷ್ಟೋ ಸಲ ಬರೀ ವಿಶ್ರಾಂತಿಯಲ್ಲಿ ಸುಧಾರಿಸುತ್ತದೆ. ದೊಡ್ಡದಕ್ಕೆ ಹಾಗಲ್ಲ.

ಶಹಾಪುರ: ನಮ್ಮ ಕಡೆಯ ಬಿಸಿಲಿಗೆ ಲ್ಯಾಬ್, ರಾಟ್‌ವೀಲರ್ ಯಾಕೆ ತರಬೇಕು ಅಂತ ಯಾರೂ ಕೇಳಲ್ಲ. ಹೊರಗೆ ತಿರುಗಾಡಿಸದೆ ತಿನ್ನಿಸಿ ತಿನ್ನಿಸಿ ಮೈ ಬೆಳೆಸುತ್ತೀರಿ. ಆ ಭಾರ ಬೀಳೋದು ಮೊಣಕಾಲ ಮೇಲೇ ಅಲ್ವಾ? ನಮ್ಮ ಹೊಲದ ನಾಟಿ ನಾಯಿ ರೊಟ್ಟಿ ಮಜ್ಜಿಗೆ ತಿಂದು ಮುದಿಯಾಗಿದೆ, ಒಂದು ದಿನ ಕುಂಟಿಲ್ಲ.

ಜೇವರ್ಗಿ ರಸ್ತೆ: ತೂಕ ಇಳಿಸಿ ಅಂತ ಡಾಕ್ಟರೂ ಹೇಳಿದ್ದಾರೆ, ಊಟ ಕಡಿಮೆ ಮಾಡಿದ್ದೇನೆ. ಉಣ್ಣಿ ನಮ್ಮ ನಾಯಿಗೂ ಇತ್ತು. ಹುಮನಾಬಾದ್ ಮೇಲೆ ಬೀದರ್‌ಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಚೀಟಿ ಎಷ್ಟು ಹೊತ್ತಿಗೆ ಮಾಡಿಸಬೇಕು?

ಸೇಡಂ ರಸ್ತೆ: ಶಹಾಪುರದವರೇ, ನನ್ನ ನಾಯಿ ಕೂಲರ್ ಮುಂದೆ ಮಲಗುತ್ತದೆ, ದಿನಾ ಬೆಳಗ್ಗೆ ಐದಕ್ಕೆ ವಾಕಿಂಗ್ ಹೋಗುತ್ತದೆ. ಬಂದು ನೋಡಿ, ಆಮೇಲೆ ಮಾತಾಡಿ.

ಶಹಾಪುರ: ಕೂಲರ್ ಬೇಕಾಗುವ ನಾಯಿ ಅಂತಲೇ ನಾನೂ ಹೇಳಿದ್ದು.

ಗುಂಪಾ: ಅವರು ಚೀಟಿ ಕೇಳಿದ್ದಾರೆ, ನೀವು ಕೂಲರ್ ಜಗಳ ಮಾಡ್ತಿದ್ದೀರಿ. ಬೆಳಗ್ಗೆಯೇ ಬನ್ನಿ ಸರ್, ಎಕ್ಸ್‌ರೇ ಫಿಲ್ಮು, ರಕ್ತದ ರಿಪೋರ್ಟು ಎಲ್ಲ ತನ್ನಿ. ಇಲ್ಲದಿದ್ದರೆ ಮತ್ತೆ ದುಡ್ಡು.