ಪದಚರ್ಚೆ: ‘ಕಂಪ್ಯಾಟಿಬಲ್ ಅಡಾಪ್ಟರ್’ಗೆ ನಾಳೆ ಸಂಜೆಯೊಳಗೆ ಒಂದು ಪದ ಬೇಕು

ಬಾಣೆಯವ, ಗೋಣಿಕೊಪ್ಪ:

ಎಲ್ಲರಿಗೂ ನಮಸ್ಕಾರ. ಅವಸರದ ಪ್ರಶ್ನೆ, ಕ್ಷಮೆ ಇರಲಿ.

ನನ್ನ ಭಾವನದು ಇಲ್ಲಿ ಟಿವಿ, ಡಿಶ್ಶು ರಿಪೇರಿ ಅಂಗಡಿ. ಮಳೆ ಹಿಡಿಯುವ ಮೊದಲು ಬಾಗಿಲಿಗೊಂದು ಫ್ಲೆಕ್ಸ್ ಹಾಕಬೇಕಂತೆ, ಬರೆದುಕೊಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ನಮ್ಮ ಕಡೆ ಜೂನ್ ಬಂತೆಂದರೆ ಡಿಶ್ ಇದ್ದೂ ಇಲ್ಲದ ಹಾಗೆ. ದಪ್ಪ ಮಳೆ ಹೊಯ್ದಷ್ಟು ಹೊತ್ತೂ ‘ಸಿಗ್ನಲ್ ಇಲ್ಲ’. ಹಾಗಾಗಿ ಜನ ಸೆಟ್ ಟಾಪ್ ಬಾಕ್ಸಿನ ಹಿಂದೆ ಯುಎಸ್‌ಬಿ ವೈಫೈ ಅಡಾಪ್ಟರ್ ಚುಚ್ಚಿ ನೆಟ್‌ನಿಂದ ಏನಾದರೂ ನೋಡೋಣ ಅಂತ ಬರುತ್ತಾರೆ. ಆದರೆ ಎಲ್ಲ ಅಡಾಪ್ಟರೂ ಎಲ್ಲ ಬಾಕ್ಸಿಗೂ ನಡೆಯುವುದಿಲ್ಲ.

ಹೋದ ವರ್ಷ ರಟ್ಟಿನ ಮೇಲೆ ‘ನಿಮ್ಮ ಬಾಕ್ಸಿಗೆ ಹೊಂದುವ ಅಡಾಪ್ಟರನ್ನೇ ಕೊಳ್ಳಿ’ ಎಂದು ಬರೆದು ತೂಗುಹಾಕಿದ್ದೆವು. ಪಾಲಿಬೆಟ್ಟದ ಕಡೆಯವರೊಬ್ಬರು ಬೇರೆಲ್ಲಿಂದಲೋ ತರಿಸಿದ್ದನ್ನು ಹಿಡಿದುಕೊಂಡು ಬಂದರು. ‘ನೋಡಿ, ಎಷ್ಟು ಚೆನ್ನಾಗಿ ಹೊಂದಿದೆ, ಕೂದಲೆಳೆಯ ಸಂದೂ ಇಲ್ಲ. ಆದರೂ ವೈಫೈ ಬರಲ್ಲ. ನೀವು ಕೊಟ್ಟ ಬಾಕ್ಸೇ ಕೆಟ್ಟದ್ದು!’ ಅರ್ಧ ಗಂಟೆ ಜಗಳ. ಯೋಚಿಸಿದರೆ ತಪ್ಪು ಅವರದಲ್ಲ, ನಾವು ಬರೆದ ಪದದ್ದು.

ತೂತಿಗೆ ಸರಿಯಾಗಿ ಕೂರುವುದು ಬೇರೆ, ಬಾಕ್ಸು ಒಳಗಿನಿಂದ ಒಪ್ಪಿಕೊಳ್ಳುವುದು ಬೇರೆ. ಈ ಎರಡನೆಯದಕ್ಕೆ ಒಂದು ಪದ ಬೇಕು. ಫ್ಲೆಕ್ಸ್ ಮೂರಡಿಗೆ ಎರಡಡಿ. ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ.

ಭಾಷಾಂತರದವರು, ಬೆಂಗಳೂರು:

‘ಸುಸಂಗತ ನಿಸ್ತಂತು ಅನುಯೋಜಕ.’

ಸೋಲ್ಡರ್, ವಿರಾಜಪೇಟೆ:

ಇದನ್ನು ಓದಿದ ಗಿರಾಕಿ ಒಳಗೆ ಬಂದು ಕಷಾಯ ಕೇಳಿಯಾನು.

ಹಳಗನ್ನಡ ಮೇಷ್ಟ್ರು, ಸೋಮವಾರಪೇಟೆ:

ವೈರ್‌ಲೆಸ್ಸಿಗೆ ‘ನಿಸ್ತಂತು’ ಎಂಬುದನ್ನು ಯಾರು ತಂದರೋ! ತಂತು ಎಂದರೆ ನೂಲು, ಎಳೆ. ನಿಸ್ತಂತು ಎಂದರೆ ದಾರ ಕಿತ್ತುಹೋದ ಗಾಳಿಪಟ. ಇರಲಿ, ಕೇಳಿದ್ದು ಅದಲ್ಲ.

ಬಾಣೆಯವರು ‘ಹೊಂದು’ ಪದದ ಮೇಲೆ ಸುಮ್ಮನೆ ಮುನಿದಿದ್ದಾರೆ. ಅದರ ಹಳೆಯ ರೂಪ ಪೊಂದು, ಪೊರ್ದು. ತಮಿಳಿನ ಪೊರುಂದು ಇದರ ಒಡಹುಟ್ಟು. ಮಲಯಾಳದಲ್ಲಿ ಗಂಡುಹೆಣ್ಣಿನ ಜಾತಕ ಕೂಡುವುದಕ್ಕೆ ಪೊರುತ್ತಂ ಎನ್ನುತ್ತಾರೆ. ಗಡಿಯಲ್ಲಿ ಕೂತ ನಿಮಗೆ ಇದನ್ನು ನಾನು ಹೇಳಬೇಕೆ? ಜಾತಕ ಕೂಡುವುದು ತೂತಿಗೆ ಕೂರುವ ಮಾತಲ್ಲ, ಒಳಗಿನ ಒಪ್ಪಿಗೆಯ ಮಾತು. ಆದ್ದರಿಂದ ಧಾತುವಿನಲ್ಲೇ ನೀವು ಕೇಳಿದ ಅರ್ಥ ಕೂತಿದೆ. ‘ಹೊಂದಿಕೆಯ ಅಡಾಪ್ಟರ್’ ಎಂದು ಬರೆಯಿರಿ. ಗಿರಾಕಿಗೆ ಅರ್ಥವಾಗದಿದ್ದರೆ ಅದು ಗಿರಾಕಿಯ ಕೊರತೆ.

‘ಹೊಂದಾಣಿಕೆ’ ಮಾತ್ರ ಬೇಡ. ಆ ಪದವನ್ನು ರಾಜಕಾರಣಿಗಳು ಬಳಸಿ ಬಳಸಿ ಜಿಡ್ಡು ಮಾಡಿಟ್ಟಿದ್ದಾರೆ.

ಅಚ್ಚಗನ್ನಡ, ಮೈಸೂರು:

ಪೊಂದು ಎಂಬುದಕ್ಕೆ ಹಳೆಯ ಕನ್ನಡದಲ್ಲಿ ಸಾಯು ಎಂಬ ಅರ್ಥವೂ ಉಂಟು, ಮೇಷ್ಟ್ರು ಜಾಣತನದಿಂದ ಬಿಟ್ಟಿದ್ದಾರೆ. ‘ಬಾಕ್ಸಿಗೆ ಚುಚ್ಚಿದೊಡನೆ ಹೊಂದುವ ಅಡಾಪ್ಟರ್’! ಚೆನ್ನಾಗಿದೆ.

ಬೇಕಾದ ಪದ ಕಣ್ಣೆದುರಿಗೇ ಇದೆ: ಒಗ್ಗು. ಆ ಊರಿನ ನೀರು ಒಗ್ಗಲಿಲ್ಲ, ಈ ಮದ್ದು ಮೈಗೆ ಒಗ್ಗುವುದಿಲ್ಲ. ನೀರು ಗಂಟಲಲ್ಲಿ ಇಳಿಯುತ್ತದೆ, ಮೈ ಒಪ್ಪುವುದಿಲ್ಲ. ಬಾಣೆಯವರ ತೊಡಕು ಇದೇ ತಾನೆ? ಒಗ್ಗಟ್ಟು ಹುಟ್ಟಿದ್ದೂ ಈ ಬೇರಿನಿಂದಲೇ. ಅಡಾಪ್ಟರಿಗೂ ಇದರಲ್ಲೇ ಹೆಸರು ಸಿಗುತ್ತದೆ: ಒಗ್ಗಿಸುಗ. ಬಾಕ್ಸಿಗೆ ಪೆಟ್ಟಿಗೆ. ‘ನಿಮ್ಮ ಪೆಟ್ಟಿಗೆಗೆ ಒಗ್ಗುವ ಒಗ್ಗಿಸುಗ.’ ಮುಗಿಯಿತು.

ಹಳಗನ್ನಡ ಮೇಷ್ಟ್ರು:

ಒಗ್ಗಟ್ಟು ಒಗ್ಗಿನಿಂದ ಬಂದದ್ದಲ್ಲ. ಒಂದು ಕಟ್ಟು, ಒಗ್ಗಟ್ಟು. ಒಕ್ಕಣ್ಣ, ಒಕ್ಕೊರಲು ಎಲ್ಲ ಹಾಗೇ ಆದದ್ದು. ಈ ಮಟ್ಟದ ವ್ಯುತ್ಪತ್ತಿಗೆ ಉತ್ತರ ಬರೆಯುವುದೂ ದಂಡ.

ಸೋಲ್ಡರ್, ವಿರಾಜಪೇಟೆ:

ಸ್ವಾಮಿ, ಒಳಗೆ ನಡೆಯುವುದೇನು ಎಂದು ಹೇಳುತ್ತೇನೆ, ಆಮೇಲೆ ಹೆಸರಿಡಿ. ಮಗು ನೋಡದೆ ನಾಮಕರಣಕ್ಕೆ ಕೂತ ಹಾಗಿದೆ ಇದು.

ಅಡಾಪ್ಟರಿನ ಹೊರಗೆ ಯಾವ ಕಂಪನಿಯ ಹೆಸರಿದ್ದರೂ ಲೆಕ್ಕಕ್ಕಿಲ್ಲ. ಒಳಗಿನ ಚಿಪ್ ಯಾವುದು ಎಂಬುದೇ ಲೆಕ್ಕ. ಆ ಚಿಪ್ಪನ್ನು ಮಾತಾಡಿಸಲು ಡ್ರೈವರ್ ಎಂಬ ಒಂದು ಪುಟ್ಟ ತಂತ್ರಾಂಶ ಬೇಕು. ಕಂಪ್ಯೂಟರಿಗಾದರೆ ಡ್ರೈವರನ್ನು ನಾವೇ ತಂದು ಹಾಕಬಹುದು. ಸೆಟ್ ಟಾಪ್ ಬಾಕ್ಸಿನಲ್ಲಿ ತಯಾರಕರು ಫರ್ಮ್‌ವೇರಿನೊಳಗೆ (ಬಾಕ್ಸಿನ ಒಳಗೇ ಕೂರಿಸಿದ ತಂತ್ರಾಂಶ) ತುಂಬಿ ಕಳಿಸಿದ್ದಷ್ಟೇ ಗತಿ. ತಿಂಗಳ ಚಂದಾ ಇಲ್ಲದ ಸಾಧಾರಣ ಎಂಪೆಗ್-4 ಫ್ರೀ ಬಾಕ್ಸುಗಳು ಬಹಳ ಮಟ್ಟಿಗೆ ರಾಲಿಂಕ್‌ನ ಆರ್‌ಟಿ5370 ಚಿಪ್ ಇದ್ದರೆ ಗುರುತಿಸುತ್ತವೆ, ಕೆಲವು ಮೀಡಿಯಾಟೆಕ್‌ನ ಎಂಟಿ7601ನ್ನೂ. ರಾಲಿಂಕನ್ನು 2011ರಲ್ಲಿ ಮೀಡಿಯಾಟೆಕ್ ಕೊಂಡುಕೊಂಡಿತು, ಆದರೂ ಹಳೆಯ ಹೆಸರೇ ಪೇಟೆಯಲ್ಲಿ ಓಡುತ್ತಿದೆ. ಈ ಎರಡೂ 2.4 ಗಿಗಾಹರ್ಟ್ಸ್‌ನವು. ಮನೆಯ ರೂಟರಿನಲ್ಲಿ 5 ಗಿಗಾಹರ್ಟ್ಸ್ ಮಾತ್ರ ಬಿಟ್ಟುಕೊಂಡಿದ್ದರೆ ಅಡಾಪ್ಟರ್ ಸರಿಯಿದ್ದೂ ಏನೂ ಕಾಣಿಸುವುದಿಲ್ಲ. ಒಂದು ಲೆಕ್ಕಕ್ಕೆ ನಮ್ಮ ಹಳೆಯ ದಪ್ಪ ಮಣ್ಣುಗೋಡೆಯ ಮನೆಗಳಿಗೆ 2.4 ಒಳ್ಳೆಯದೇ, ಗೋಡೆ ದಾಟಿ ಹೋಗುವುದು ಅದೇ.

ಇನ್ನೊಂದು ಮೋಸ. ಒಂದೇ ಮಾಡೆಲ್ ನಂಬರ್, ಒಂದೇ ಡಬ್ಬಿ, ಆದರೆ ಎರಡನೇ ವರ್ಷನ್ನಿಗೆ ಒಳಗಿನ ಚಿಪ್ಪೇ ಬದಲು. ಅಣ್ಣ ತಂದದ್ದು ನಡೆಯಿತೆಂದು ತಮ್ಮ ಅದನ್ನೇ ತಂದರೆ ನಡೆಯುವುದಿಲ್ಲ. ಕೆಲವು ಬಾಕ್ಸಿನ ಯುಎಸ್‌ಬಿ ಇರುವುದು ರೆಕಾರ್ಡಿಂಗಿಗೆ ಮಾತ್ರ. ಅಲ್ಲಿ ಯಾವ ಚಿಪ್ ಚುಚ್ಚಿದರೂ ಪೆನ್‌ಡ್ರೈವ್ ಹುಡುಕುತ್ತಾ ಕೂರುತ್ತದೆ. ಕೆಲವು ಕಂಪನಿಗಳ ಬಾಕ್ಸು ತಮ್ಮದೇ ಡಾಂಗಲ್ (ಈ ಅಡಾಪ್ಟರಿಗೆ ಪೇಟೆಯ ಹೆಸರು) ಬಿಟ್ಟು ಬೇರೆಯದರ ಕಡೆ ತಿರುಗಿಯೂ ನೋಡದು. ನೆಟ್ ತಂತಿ ಚುಚ್ಚುವ ಲ್ಯಾನ್ ತೂತಿರುವ ಬಾಕ್ಸಾದರೆ ಈ ರಗಳೆಯೇ ಬೇಡ, ಲ್ಯಾನ್ ಇರುವ ಒಂದು ಎಕ್ಸ್‌ಟೆಂಡರ್ ಇಟ್ಟು ತಂತಿ ಎಳೆದರೆ ಆಯಿತು, ಬಾಕ್ಸಿಗೆ ವೈಫೈ ಡ್ರೈವರ್ ಬೇಕಾಗುವುದಿಲ್ಲ.

ಮತ್ತೆ, ಅಂಗಡಿಯಲ್ಲಿ ಜನ ಕೇಳುವುದು ‘ಹೊಂದುತ್ತಾ’ ಅಂತಲೂ ಅಲ್ಲ, ‘ಒಗ್ಗುತ್ತಾ’ ಅಂತಲೂ ಅಲ್ಲ. ‘ನಮ್ಮ ಬಾಕ್ಸು ಇದನ್ನ ತಗೊಳ್ತದಾ?’ ಅಷ್ಟೇ.

ಬಾಣೆಯವ:

ಸೋಲ್ಡರ್ ಅವರೇ, ಹೌದಲ್ಲ! ಹಸು ಹಿಂಡಿ ತಗೊಳ್ತದಾ, ಮಗು ಹಾಲು ತಗೊಳ್ತದಾ ಅಂದ ಹಾಗೆ. ಬೇಡವೆಂದರೆ ಬಾಯಿಗೆ ತುರುಕಿದರೂ ಉಗುಳುತ್ತದೆ. ಬರಹದಲ್ಲಿ ‘ನಿಮ್ಮ ಬಾಕ್ಸ್ ತೆಗೆದುಕೊಳ್ಳುವ ಅಡಾಪ್ಟರ್’ ಅಂದರೆ ಹೇಗೆ? ಬಾಕ್ಸೇ ದುಡ್ಡು ಕೊಟ್ಟು ಕೊಂಡ ಹಾಗೆ ಕೇಳುತ್ತದೆಯೋ?

ಭಾಷಾಂತರದವರು:

ಕೇಳುತ್ತದೆ. ಆಡುಮಾತನ್ನು ಫಲಕಕ್ಕೆ ಏರಿಸಬಾರದು. ವೈಫೈ ಎಂಬುದಕ್ಕೂ ‘ನಿಸ್ತಂತು ನಿಷ್ಠೆ’ ಎಂದು ನಾನೊಮ್ಮೆ ಸೂಚಿಸಿದ್ದೆ, ಯಾರೂ ಕಿವಿಗೊಡಲಿಲ್ಲ.

ಸೋಲ್ಡರ್:

ಕಿವಿಗೊಡದಿದ್ದದ್ದು ಪುಣ್ಯ. ವೈಫೈ ಯಾವುದರ ಕಿರುರೂಪವೂ ಅಲ್ಲ. 1999ರಲ್ಲಿ ಬ್ರಾಂಡಿಗೆ ಹೆಸರು ಹೊಸೆಯುವ ಕಂಪನಿಯೊಂದು ಹೈಫೈಗೆ ಪ್ರಾಸವಾಗಲೆಂದು ಕಟ್ಟಿದ ಹೆಸರು. ಪ್ರಾಸಕ್ಕೆ ಅನುವಾದ ಮಾಡುತ್ತೀರಾ?

ಹಳಗನ್ನಡ ಮೇಷ್ಟ್ರು:

ಪರಭಾಷೆಯ ಬೇರನ್ನಾದರೂ ನೋಡೋಣ ಎಂದು ಕೋಶ ತೆರೆದೆ. ಅಡಾಪ್ಟರ್ ಲ್ಯಾಟಿನ್ನಿನ ಆಪ್ಟುಸ್‌ನಿಂದ, ತಕ್ಕದ್ದು, ಹೊಂದಿದ್ದು ಎಂದರ್ಥ. ಕಂಪ್ಯಾಟಿಬಲ್ ಇನ್ನೂ ಸ್ವಾರಸ್ಯ: ಕೂಡಿ ನೋಯುವುದು, ಜೊತೆಗೆ ಬೇನೆ ತಿನ್ನುವುದು. ಅನುಕಂಪಕ್ಕೆ ಅವರು ಹೇಳುವ ಪದವೂ ಅದೇ ಬೇರಿನದು. ಮೂಲಕ್ಕೆ ನಿಷ್ಠರಾಗಿ ಅನುವಾದಿಸಿದರೆ ‘ಕೂಡಿ ನೋಯುವ ಹೊಂದಿಸುಗ’ ಆಗುತ್ತದೆ. ಬಾಣೆಯವರ ಗಿರಾಕಿಯನ್ನು ನೋಡಿದರೆ ಅದೂ ತಪ್ಪಿಲ್ಲ.

‘ವೈಫೈ ಹೊಂದಿಸುಗ’ದಲ್ಲಿ ಮಾತ್ರ ಅರಿಸಮಾಸದ ದೋಷ. ಸಂಸ್ಕೃತಕ್ಕೂ ಕನ್ನಡಕ್ಕೂ ಗಂಟು ಹಾಕಬಾರದೆಂದ ಶಬ್ದಮಣಿದರ್ಪಣದ ಕೇಶಿರಾಜ ಇಂಗ್ಲಿಷನ್ನು ನೋಡಿದ್ದರೆ ಏನೆನ್ನುತ್ತಿದ್ದನೋ.

ಅಚ್ಚಗನ್ನಡ:

ಬಿರುದಾವಳಿಗೆ ಅವನೇ ವಿನಾಯಿತಿ ಕೊಟ್ಟಿದ್ದಾನೆ. ಅಂಗಡಿಯ ಫಲಕ ಬಿರುದಾವಳಿಯಲ್ಲದೆ ಇನ್ನೇನು?

ಪುತ್ತರಿ, ನಾಪೋಕ್ಲು:

ನಾನು ಇಲ್ಲಿ ಓದುವವಳೇ ಹೊರತು ಬರೆಯುವವಳಲ್ಲ, ಇವತ್ತು ತಡೆಯಲಾಗಲಿಲ್ಲ. ನೀವು ಹುತ್ತರಿ ಅನ್ನುವುದನ್ನು ನಾವು ಪುತ್ತರಿ ಅನ್ನುತ್ತೇವೆ. ನಿಮ್ಮಲ್ಲಿ ಹಕಾರವಾದ ಪಕಾರ ನಮ್ಮ ಬಾಯಲ್ಲಿ ಇನ್ನೂ ಉಳಿದಿದೆ. ಹಾಗಾಗಿ ಮೇಷ್ಟ್ರು ‘ಪೊಂದು’ ಅಂದಾಗ ಮನೆಯ ಮಾತು ಕೇಳಿದಷ್ಟು ಖುಷಿಯಾಯಿತು. ಆದರೆ ಗೋಣಿಕೊಪ್ಪದ ಆ ಅಂಗಡಿಗೆ ಬರುವವರು ಯಾರು? ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ಮಲಯಾಳದವರು, ತುಳುವಿನವರು, ತೋಟದ ಕೆಲಸದವರ ಲೈನ್ ಮನೆಯಿಂದ ಬರುವ ಯರವರು, ಈಗೀಗ ಅಸ್ಸಾಮಿನಿಂದ ಬಂದ ಕೆಲಸದವರು. ಕನ್ನಡ ಇವರೆಲ್ಲರಿಗೂ ಪೇಟೆಯಲ್ಲಿ ಸೇರುವ ಭಾಷೆ. ಆ ಫ್ಲೆಕ್ಸಿನಲ್ಲಿ ‘ಒಗ್ಗಿಸುಗ’ ಅಂತ ಬರೆದರೆ ಭಾವನವರು ದಿನವಿಡೀ ಬಾಗಿಲಲ್ಲಿ ನಿಂತು ಅರ್ಥ ಹೇಳಬೇಕು. ಡಾಂಗಲ್ ಅಂದರೆ ಇಷ್ಟೂ ಜನಕ್ಕೆ ಗೊತ್ತು.

ಅಚ್ಚಗನ್ನಡ:

ಹೀಗೆ ‘ಎಲ್ಲರಿಗೂ ಗೊತ್ತು’ ಅನ್ನುತ್ತಲೇ ಕಾಫಿ ತೋಟದ ಮಾತು ಅರ್ಧ ಇಂಗ್ಲಿಷಾಯಿತು. ಪಲ್ಪರ್, ಪಾರ್ಚ್‌ಮೆಂಟ್, ಲೈನ್ ಮನೆ, ಲೆಕ್ಕ ಬರೆಯುವವನಿಗೆ ರೈಟರ್. ನಾಳೆ ಮಳೆಗೂ ಇಂಗ್ಲಿಷ್ ಹೆಸರು.

ಪುತ್ತರಿ, ನಾಪೋಕ್ಲು:

ಮಳೆಗೂ ಇದೆ, ಬ್ಲಾಸಂ ಅನ್ನುತ್ತಾರೆ. ಅದೇ ಬಾಯಲ್ಲಿ ಹೂಮಳೆ ಅಂತಲೂ ಅನ್ನುತ್ತಾರೆ. ಮಾರ್ಚಿನಲ್ಲಿ ಒಂದಿಂಚು ಬಿದ್ದು ಗಿಡ ಬಿಳಿಯಾದರೆ ಯಾವ ಪದದಲ್ಲಿ ಕರೆದೆವು ಅಂತ ಯಾರೂ ನೋಡುವುದಿಲ್ಲ. ‘ಕಾಫಿ’ ಅಂತ ನೀವೇ ಬರೆದಿರಲ್ಲ, ಅದು ಅರಬರ ಬಾಯಿಂದ ಹೊರಟು ಯೂರೋಪು ಸುತ್ತಿ ಬಂದದ್ದು. ಅದಕ್ಕೂ ಒಂದು ‘ಉಗ’ ಹಚ್ಚಿ.

ಅಚ್ಚಗನ್ನಡ:

ಕಾಫಿ ವಸ್ತುವಿನ ಹೆಸರು. ವಸ್ತುವಿನ ಜೊತೆ ಬಂದ ಹೆಸರು ನನಗೂ ಸಲ್ಲುತ್ತದೆ. ಕಂಪ್ಯಾಟಿಬಲ್ ಗುಣದ ಹೆಸರು. ಗುಣಕ್ಕೂ ಎರವಲು ತಂದರೆ ನಮ್ಮ ಬಳಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಪದ ಕಟ್ಟುವ ಧೈರ್ಯ ನಮ್ಮವರಿಗೆ ಒಂದು ಕಾಲಕ್ಕೆ ಇತ್ತು. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮನೆಯಿಂದಲೇ ರೇಡಿಯೋ ಶುರುಮಾಡಿದಾಗ ಅದಕ್ಕೆ ಆಕಾಶವಾಣಿ ಎಂಬ ಹೆಸರಾಯಿತು. ಆಮೇಲೆ ಇಡೀ ದೇಶವೇ ಆ ಹೆಸರನ್ನು ತೆಗೆದುಕೊಂಡಿತು. ಮಡಿಕೇರಿ ಆಕಾಶವಾಣಿಯನ್ನು ನೀವು ದಿನಾ ಕೇಳುತ್ತೀರಿ, ಅರ್ಥ ಹೇಳಲು ಯಾರನ್ನೂ ಬಾಗಿಲಲ್ಲಿ ನಿಲ್ಲಿಸಿಲ್ಲ.

ಹಳಗನ್ನಡ ಮೇಷ್ಟ್ರು:

ಆಕಾಶ ಸಂಸ್ಕೃತ. ವಾಣಿ ಸಂಸ್ಕೃತ. ಅಚ್ಚಗನ್ನಡದವರ ಅತ್ಯುತ್ತಮ ಉದಾಹರಣೆ.

ಅಚ್ಚಗನ್ನಡ:

ಕಟ್ಟುವ ಧೈರ್ಯದ ಮಾತಾಡಿದೆ. ಓದಿ ಬರೆಯಿರಿ.

ಹಳಗನ್ನಡ ಮೇಷ್ಟ್ರು:

ನಿಮ್ಮ ‘ಪೆಟ್ಟಿಗೆ’ಯೂ ಇತ್ಯರ್ಥವಾಗದ ವ್ಯಾಜ್ಯ. ಸಂಸ್ಕೃತದಲ್ಲಿ ಪೇಟಿಕಾ ಇದೆ, ತಮಿಳಿನಲ್ಲಿ ಪೆಟ್ಟಿ ಇದೆ, ಯಾರು ಯಾರಿಂದ ತಂದರೆಂದು ಪಂಡಿತರು ಬಡಿದಾಡುತ್ತಾರೆ. ಅಲ್ಲದೆ ಸೆಟ್ ಟಾಪ್ ಎಂದದ್ದು ಟಿವಿಯ ನೆತ್ತಿಯ ಮೇಲೆ ಇಡುತ್ತಿದ್ದರೆಂದು. ಈಗಿನ ಟಿವಿಯ ನೆತ್ತಿಯ ಮೇಲೆ ಊದುಬತ್ತಿಯೂ ನಿಲ್ಲದು. ಹೆಸರಿನ ಅರ್ಥ ಸತ್ತರೂ ಹೆಸರು ಬದುಕುತ್ತದೆ. ಆದ್ದರಿಂದ ‘ಹೊಂದು’ ಎಂದರೆ ಗಿರಾಕಿ ಏನು ತಿಳಿದ ಎಂಬುದಕ್ಕೆ ನಾನು ಹೆದರುವುದಿಲ್ಲ.

ಸೋಲ್ಡರ್:

ನೀವು ಹೆದರುವುದಿಲ್ಲ, ಜಗಳ ಆಡಬೇಕಾದ್ದು ಅವರ ಭಾವ.

ನನ್ನ ಲೆಕ್ಕ ಹೇಳಿಬಿಡುತ್ತೇನೆ. ಪ್ಲಗ್ಗಿಗೆ ‘ಹೊಂದು’ ಇರಲಿ. ಚಿಪ್ಪಿಗೆ ‘ಒಗ್ಗು’ ನಿಜಕ್ಕೂ ಒಳ್ಳೆಯ ಪದ, ಮೈಸೂರಿನವರು ಸಿಟ್ಟಿನಲ್ಲಿ ಹೇಳಿದರೂ ಸರಿಯಾಗಿ ಹೇಳಿದ್ದಾರೆ. ಆದರೆ ಒಂದು ಕೊರತೆ: ನೀರು ಇವತ್ತು ಒಗ್ಗದಿದ್ದರೆ ಹದಿನೈದು ದಿನದಲ್ಲಿ ಒಗ್ಗಿಕೊಳ್ಳುತ್ತದೆ. ಡ್ರೈವರ್ ಇಲ್ಲದ ಬಾಕ್ಸಿಗೆ ಅಡಾಪ್ಟರ್ ಹದಿನೈದು ವರ್ಷ ಚುಚ್ಚಿಟ್ಟರೂ ಒಗ್ಗದು. ‘ಸ್ವಲ್ಪ ದಿನ ಬಿಡಿ, ಒಗ್ಗಿಕೊಳ್ಳುತ್ತದೆ’ ಅಂತ ಗಿರಾಕಿಯೇ ನಿಮಗೆ ಧೈರ್ಯ ಹೇಳಿಯಾನು.

ಅಚ್ಚಗನ್ನಡ:

ಇದಕ್ಕೆ ಯೋಚಿಸಬೇಕು.

ಬಾಣೆಯವ, ಗೋಣಿಕೊಪ್ಪ:

ಎಲ್ಲರಿಗೂ ಧನ್ಯವಾದ. ಫ್ಲೆಕ್ಸಿನವನು ಆಗಲೇ ಮೂರು ಸಲ ಫೋನ್ ಮಾಡಿದ. ಇಲ್ಲಿಯ ಚರ್ಚೆಯನ್ನು ಭಾವನಿಗೆ ಓದಿ ಹೇಳಿದೆ. ‘ಹೊಂದು’ ಬಂದಾಗ ತಲೆ ಅಲ್ಲಾಡಿಸಿದ, ‘ಒಗ್ಗು’ ಬಂದಾಗ ನಕ್ಕ, ‘ಅನುಯೋಜಕ’ ಬಂದಾಗ ಎದ್ದು ಹೋಗಿ ಕರಿಮೆಣಸು ಒಣಗಿಸಿದ್ದನ್ನು ಒಳಗಿಟ್ಟು ಬಂದ. ಆಮೇಲೆ ಅವನೇ ಹೇಳಿ ಬರೆಸಿದ್ದು ಇದು, ಅಚ್ಚಿಗೆ ಹೋಗಿ ಆಯಿತು:

‘ವೈಫೈ ಡಾಂಗಲ್ ಕೊಳ್ಳುವ ಮೊದಲು ನಿಮ್ಮ ಬಾಕ್ಸ್ ತನ್ನಿ. ಇಲ್ಲೇ ಹಾಕಿ ನೋಡಿ. ಬಾಕ್ಸ್ ಒಪ್ಪಿದರೆ ಮಾತ್ರ ದುಡ್ಡು ಕೊಡಿ.’

ಹಳಗನ್ನಡ ಮೇಷ್ಟ್ರು:

‘ಒಪ್ಪು’ ಎಂಬುದನ್ನು ಈ ಎಳೆಯಲ್ಲಿ ಮೊದಲು ‘ಒಳಗಿನ ಒಪ್ಪಿಗೆ’ ಎಂದು ಬರೆದವನು ನಾನು. ದಾಖಲೆಗಾಗಿ ಹೇಳಿದೆ.

ಅಚ್ಚಗನ್ನಡ:

ಪ್ರಶ್ನೆಯಲ್ಲೇ ಇತ್ತು. ‘ಒಳಗಿನಿಂದ ಒಪ್ಪಿಕೊಳ್ಳುವುದು’ ಅಂತ ಬಾಣೆಯವರೇ ಬರೆದಿದ್ದಾರೆ, ಮೇಲಿಂದ ಓದಿ.

ಸೋಲ್ಡರ್, ವಿರಾಜಪೇಟೆ:

ಬಾಕ್ಸ್ ತರುವಾಗ ರಿಮೋಟ್ ಕೂಡ ತರಲು ಬರೆಸಬೇಕಿತ್ತು. ಅದಿಲ್ಲದೆ ವೈಫೈ ಪಾಸ್‌ವರ್ಡ್ ಹೇಗೆ ಒತ್ತುತ್ತೀರಿ?