ಅಪ್‌ಡೇಟ್: ಮಕ್ಕಳ ಕ್ರಿಸ್‌ಮಸ್ ಹಾಡು ಮತ್ತು ಅದನ್ನು ನುಂಗುತ್ತಿದ್ದ ಆರ್ಗನ್

9ರಿಂದ 12 ವರ್ಷದ ಮಕ್ಕಳಿಗೆ ಬರೆಯುತ್ತಿರುವ ಕ್ರಿಸ್‌ಮಸ್ ಹಾಡಿನಲ್ಲಿ ಆರ್ಗನ್ (ಚರ್ಚ್‌ಗಳಲ್ಲಿ ನುಡಿಸುವ ದೊಡ್ಡ ಕೀಬೋರ್ಡ್ ವಾದ್ಯ) ಅವರ ದನಿಯನ್ನೇ ನುಂಗುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

'ಸದ್ದು ತಗ್ಗಿಸಿ' ಅಂದವರು ಅರ್ಧ ಸರಿ. ನನ್ನ ಬಲಗೈ ಭಾಗ ಮಕ್ಕಳು ಹಾಡುವ ಸ್ವರಗಳ ನಡುವೆಯೇ ಓಡಾಡುತ್ತಿತ್ತು, ಮೇಲಿಂದ ಮಿಕ್ಸ್ಚರ್ ಸ್ಟಾಪ್ ಬೇರೆ (ಸ್ಟಾಪ್ ಅಂದರೆ ಆರ್ಗನ್‌ನ ದನಿ ಆಯುವ ಗುಂಡಿ; ಮಿಕ್ಸ್ಚರ್ ಒತ್ತಿದ ಸ್ವರಕ್ಕೆ ಹಲವು ಎತ್ತರದ ಸ್ವರಗಳನ್ನು ಸೇರಿಸುತ್ತದೆ). ಈಗ ಮಕ್ಕಳು ಹಾಡುವಾಗ 8 ಅಡಿಯ ಫ್ಲೂಟ್ ಸ್ಟಾಪ್ (ಬರೆದ ಎತ್ತರದಲ್ಲೇ ನುಡಿಯುವ ಮೆದು ದನಿ) ಒಂದೇ, ಕಾಲಿನಲ್ಲಿ ಒತ್ತುವ ಪೆಡಲ್‌ನಲ್ಲಿ ಮೆತ್ತನೆಯ 16 ಅಡಿ (ಒಂದು ಸ್ಥಾಯಿ ಕೆಳಗೆ). 4 ಅಡಿಯದು ಒಂದು ಆಕ್ಟೇವ್ (ಸ್ಥಾಯಿ) ಮೇಲೆ ನುಡಿಯುತ್ತದೆ, ಅದನ್ನು ಚರಣಗಳ ನಡುವಿನ ಬಿಡುವಿಗೆ ಇಟ್ಟುಕೊಂಡೆ.

ಅಸಲಿ ಎಡವಟ್ಟು ಉಸಿರಿನದು. ಆರ್ಗನ್‌ಗೆ ಉಸಿರಾಡುವ ಗೊಡವೆ ಇಲ್ಲ, ಕೀ ಒತ್ತಿ ಹಿಡಿದಷ್ಟು ಹೊತ್ತೂ ಸ್ವರ ನಿಲ್ಲುತ್ತದೆ. ಕೀಬೋರ್ಡ್ ಮುಂದೆ ಕೂತು ಬರೆದ ನಾನು ಅದೇ ಅಮಲಿನಲ್ಲಿ 8 ಬಾರ್ (ತಾಳದ ಒಂದೊಂದು ಆವರ್ತ) ಉದ್ದದ ಸಾಲು ಎಳೆದಿದ್ದೆ. ಮೊದಲ ಅಭ್ಯಾಸದಲ್ಲಿ ಆರನೇ ಬಾರ್‌ಗೆ ಉಸಿರು ಸಾಲದೆ ಮುಂದೆ ನಿಂತಿದ್ದ ಹುಡುಗನ ಭುಜ ಕಿವಿ ಮುಟ್ಟುತ್ತಿತ್ತು! ಸಾಲನ್ನು ನಾಲ್ಕು ನಾಲ್ಕು ಬಾರ್‌ಗಳಾಗಿ ಮುರಿದು, ನಡುವೆ ಉಸಿರೆಳೆಯಲು ಕ್ವಾರ್ಟರ್ ರೆಸ್ಟ್ (ಚಿಕ್ಕ ಮೌನ) ಇಟ್ಟೆ.

ಹಾಡಿನ 'ಗ್ಲೋರಿಯಾ' ಪದದಲ್ಲಿ ಅತಿ ಎತ್ತರದ ಜಿ ಸ್ವರ 'ರಿ' ಮೇಲೆ ಬಿದ್ದು ಎಲ್ಲರೂ ಕೀಚಲಾಗುತ್ತಿದ್ದರು. ಅದನ್ನು 'ಗ್ಲೋ'ಗೆ ಸರಿಸಿ, ಇಡೀ ಹಾಡನ್ನು ಜಿ ಮೇಜರ್‌ನಿಂದ ಎಫ್ ಮೇಜರ್‌ಗೆ, ಅಂದರೆ ಶ್ರುತಿಯನ್ನು ಒಂದು ಮೆಟ್ಟಿಲು ಕೆಳಕ್ಕೆ, ಇಳಿಸಿದೆ. ಬಾಯಿ ತೆರೆಯಿತು, ದನಿಯೂ ತೆರೆಯಿತು.

ಎರಡನೇ ದನಿಗೆ ಬರೆದಿದ್ದ ಕ್ಯಾನನ್ (ಅದೇ ಧಾಟಿಯನ್ನು ಸ್ವಲ್ಪ ತಡವಾಗಿ ಹಾಡುವುದು) ಮಾತ್ರ ಕೈಕೊಟ್ಟಿತು. ಪ್ರತಿಧ್ವನಿಯಲ್ಲಿ ಎರಡೂ ಕಲಸಿಹೋಗುತ್ತಿದ್ದವು. ಅದನ್ನು ಕಿತ್ತು, ಕೊನೆಯ ಚರಣಕ್ಕಷ್ಟೇ ನಾಲ್ಕು ಮಕ್ಕಳ ಡೆಸ್ಕಂಟ್ (ಮುಖ್ಯ ಧಾಟಿಯ ಮೇಲೆ ಹಾಡುವ ಎತ್ತರದ ಬೇರೆ ಧಾಟಿ) ಹಾಕಿದ್ದೇನೆ.